ಮನೆಯಲ್ಲಿ ಕಟ್ಟಿದ ಮರದ ದೋಣಿಗೆ ಪೇಂಟ್: ಬಣ್ಣದ ಆಯ್ಕೆಯಿಂದ ಕೊನೆಯ ಕೈವರೆಗೆ

ದೋಣಿ ಕಟ್ಟಿದವರಲ್ಲಿ ಹೆಚ್ಚಿನವರು ಪೇಂಟ್ ಕೆಲಸವನ್ನು ಬಣ್ಣದ ಕಾರ್ಡ್ ಬಿಡಿಸಿಕೊಂಡು ಶುರು ಮಾಡುತ್ತಾರೆ. ಹೊರಮೈಗೆ ಕಡುನೀಲಿ, ಅಂಚುಪಟ್ಟಿಗೆ ಫಳಫಳ ವಾರ್ನಿಷ್, ಒಳಗೆಲ್ಲ ಬಿಳಿ ಎಂದು ತೀರ್ಮಾನವಾಗುತ್ತದೆ. ಅದಕ್ಕೆ ಹೊಂದುವ ಡಬ್ಬಿ ಹುಡುಕುತ್ತಾರೆ. ಡಬ್ಬಿ ಬಂದ ಮೇಲೆ ಪೇಂಟಿನ ಅಡಿಪದರವಾದ ಪ್ರೈಮರ್ ನೆನಪಾಗುತ್ತದೆ. ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಜೋಡಣೆಗಳ ಮೇಲೆ ಬಿರುಕು, ತಳದಲ್ಲಿ ಗುಳ್ಳೆ, ಅಂಚಿನಲ್ಲಿ ಚಕ್ಕೆ. ಬೈಗುಳವೆಲ್ಲ ಪೇಂಟಿಗೆ ಹೋಗುತ್ತದೆ, ಆದರೆ ಹೆಚ್ಚಿನ ಸಲ ಕೆಟ್ಟಿರುವುದು ಕೆಲಸದ ಕ್ರಮ.

ದೋಣಿ ಎಲ್ಲಿ ಇರುತ್ತದೆ ಎನ್ನುವುದು ಪೇಂಟಿನ ಜಾತಿಯನ್ನು ನಿರ್ಧರಿಸಬೇಕು. ಮೈ ಎಷ್ಟು ನಯವಾಗಿ ಬಂದಿದೆ ಎನ್ನುವುದು ಹೊಳಪನ್ನು ನಿರ್ಧರಿಸಬೇಕು. ಈ ಎರಡೂ ಇತ್ಯರ್ಥವಾದ ಮೇಲೆ ಉಳಿಯುವ ಬಣ್ಣಗಳಲ್ಲಿ ನಿಮಗಿಷ್ಟವಾದದ್ದನ್ನು ಆರಿಸಿಕೊಳ್ಳಿ. ಕೆಳಗಿನ ಹಂತಗಳು ಇದೇ ಕ್ರಮದಲ್ಲಿವೆ. ಮೂರರಿಂದ ಆರು ಮೀಟರ್ ಉದ್ದದ, ಹುಟ್ಟು ಹಾಕುವ, ಹಾಯಿ ಕಟ್ಟುವ ಅಥವಾ ಪುಟ್ಟ ಎಂಜಿನ್ ಕೂರಿಸುವ ದೋಣಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಮೊದಲು ಒಟ್ಟುಮಾಡಿಕೊಳ್ಳಬೇಕಾದವು

80, 120, 180, 220 ಮತ್ತು 320 ಸಂಖ್ಯೆಯ ಉಪ್ಪುಕಾಗದ (ಸಂಖ್ಯೆ ಹೆಚ್ಚಿದಷ್ಟೂ ನಯ). ಅದನ್ನು ಸುತ್ತಿಕೊಳ್ಳಲು ಒಂದು ಗಟ್ಟಿ ಮರದ ತುಂಡು ಮತ್ತು ದೋಣಿಯ ಬಾಗಿಗೆ ತಕ್ಕಂತೆ ಬಗ್ಗುವ ಒಂದು ಉದ್ದನೆಯ ತೆಳು ಹಲಗೆ. ಸಣ್ಣ ರಂಧ್ರಗಳ ಫೋಮ್ ರೋಲರ್‌ಗಳು, ಕೂದಲು ಉದುರದ ಒಂದು ಒಳ್ಳೆಯ ಬ್ರಷ್, ಒರಟು ನೈಲಾನ್ ಉಜ್ಜುಗ, ನೂಲು ಬಿಡದ ಬಟ್ಟೆ, ಪೇಂಟ್ ಸೋಸಲು ಜಾಲರಿ. ಎರಡು ಬಗೆಯ ಟೇಪ್ ಬೇಕು: ಮುಚ್ಚಲು ಸಾಮಾನ್ಯ ಮಾಸ್ಕಿಂಗ್ ಟೇಪ್, ಗೆರೆ ಎಳೆಯಲು ತೆಳು ಪ್ಲಾಸ್ಟಿಕ್ ಟೇಪ್. ಜೊತೆಗೆ ತಾಪ ಮತ್ತು ತೇವಾಂಶ ತೋರಿಸುವ ಪುಟ್ಟ ಮಾಪಕ, ರಸಮಟ್ಟ, ಕೈಗವಸು, ಕಣ್ಣಿನ ಕನ್ನಡಕ, ಆವಿ ಹೀರುವ ಇದ್ದಿಲ ಕಾರ್ಟ್ರಿಜ್ ಇರುವ ಮುಖವಾಡ. ಬಟ್ಟೆಯ ಮುಖಗವಸು ಧೂಳಿಗೇ ಸಾಲದು, ಥಿನ್ನರ್ ಆವಿಗೆ ಅದು ಇದ್ದೂ ಇಲ್ಲದ ಲೆಕ್ಕ.

ಒಂದು ವಸ್ತು ಕೆಲಸದ ಜಾಗಕ್ಕೆ ಬರಲೇಬಾರದು: ಉಕ್ಕಿನ ಉಣ್ಣೆ. ಅದರ ಕಣ್ಣಿಗೆ ಕಾಣದ ತುಣುಕುಗಳು ಮರದಲ್ಲಿ ಸಿಕ್ಕಿಕೊಂಡು ವಾರ್ನಿಷ್ ಅಡಿಯಲ್ಲಿ ತುಕ್ಕಿನ ಚುಕ್ಕೆಗಳಾಗಿ ಹೊರಬೀಳುತ್ತವೆ. ಸಿಲಿಕೋನ್ ಇರುವ ಪಾಲಿಶ್, ಸ್ಪ್ರೇ ಮತ್ತು ಸೀಲಂಟ್‌ಗಳನ್ನೂ ದೂರವಿಡಿ. ಅವುಗಳ ಸೋಂಕು ತಗುಲಿದ ಕಡೆ ಪೇಂಟ್ ಕೂರದೆ ಮೀನಿನ ಕಣ್ಣಿನಂಥ ಗುಂಡಿಗಳು ಮೂಡುತ್ತವೆ.

ಹಂತ 1: ದೋಣಿ ಎಲ್ಲಿ ಇರುತ್ತದೆ ಎಂದು ಬರೆದಿಡಿ

ಮೂರು ಪ್ರಶ್ನೆಗಳಿಗೆ ಉತ್ತರ ಬೇಕು. ದೋಣಿ ತಿಂಗಳುಗಟ್ಟಲೆ ನೀರಿನಲ್ಲೇ ಇರುತ್ತದೆಯೇ, ಅಥವಾ ಬಳಸಿದ ದಿನವೇ ದಡಕ್ಕೆ ಬರುತ್ತದೆಯೇ? ದಡದಲ್ಲಿದ್ದಾಗ ನೆರಳಿದೆಯೇ, ಬಿಸಿಲಿಗೆ ಬಿದ್ದಿರುತ್ತದೆಯೇ? ಕಟ್ಟಿದ ಬಗೆ ಯಾವುದು: ಗಟ್ಟಿಕಾರಕ ಬೆರೆಸಿ ಹಚ್ಚುವ ಎಪಾಕ್ಸಿ ರಾಳದಲ್ಲಿ ಮುಚ್ಚಿದ ಪ್ಲೈವುಡ್ಡೇ, ಹಲಗೆ ಜೋಡಿಸಿ ಸಂದು ತುಂಬಿದ ಸಾಂಪ್ರದಾಯಿಕ ದೋಣಿಯೇ?

ಮೂರನೆಯದನ್ನು ಹಲವರು ಗಮನಿಸುವುದೇ ಇಲ್ಲ. ಎಪಾಕ್ಸಿ ಹೊದಿಸಿದ ಪ್ಲೈವುಡ್ ಹೆಚ್ಚು ಅಲುಗದ ಮೈ, ಅದರ ಮೇಲೆ ಗಡುಸಾದ ಪೇಂಟ್ ನಿಲ್ಲುತ್ತದೆ. ಹಲಗೆ ಜೋಡಿಸಿದ ದೋಣಿ ನೀರಿಗಿಳಿದಾಗ ಉಬ್ಬುತ್ತದೆ, ದಡದಲ್ಲಿ ಕುಗ್ಗುತ್ತದೆ. ಅದರ ಮೇಲೆ ಎರಡು ಭಾಗದ ಪೇಂಟ್, ಅಂದರೆ ಹಚ್ಚುವ ಮುಂಚೆ ಗಟ್ಟಿಕಾರಕ ಬೆರೆಸಿಕೊಳ್ಳುವ ಗಡುಸಾದ ಪೇಂಟ್, ಹೊಡೆದರೆ ಪ್ರತಿ ಸಂದಿನ ಉದ್ದಕ್ಕೂ ಬಿರುಕು ಬಿಡುತ್ತದೆ. ಅಂಥ ದೋಣಿಗೆ ಮರದೊಂದಿಗೆ ಬಾಗುವ ಎಣ್ಣೆ ಆಧಾರದ ಪೇಂಟೇ ಸರಿ.

ಹಂತ 2: ಪೇಂಟಿನ ಜಾತಿ ಆರಿಸಿ

ಎಣ್ಣೆ ಆಧಾರದ ಆಲ್ಕಿಡ್ ಎನಾಮಲ್: ಹಚ್ಚಲು ಸುಲಭ, ತಿದ್ದಲು ಇನ್ನೂ ಸುಲಭ. ನಿಧಾನವಾಗಿ ಒಣಗುವುದರಿಂದ ಬ್ರಷ್ ಗೆರೆಗಳು ತಾವಾಗಿಯೇ ಕೂಡಿಕೊಳ್ಳುತ್ತವೆ. ಬಿಸಿಲಿನಲ್ಲಿ ಕೆಲವು ವರ್ಷಗಳಿಗೆ ಹೊಳಪು ಕಳೆದುಕೊಳ್ಳುತ್ತದೆ, ಆಗ ಉಜ್ಜಿ ಇನ್ನೊಂದು ಕೈ ಕೊಟ್ಟರೆ ಮುಗಿಯಿತು.

ಒಂದು ಭಾಗದ ಪಾಲಿಯುರೆಥೇನ್: ಎನಾಮಲ್‌ಗಿಂತ ಗಟ್ಟಿ, ಹೊಳಪು ಹೆಚ್ಚು ಕಾಲ ಉಳಿಯುತ್ತದೆ. ಹಚ್ಚುವ ರೀತಿ ಹೆಚ್ಚುಕಡಿಮೆ ಅದೇ. ಮೊದಲ ದೋಣಿ ಕಟ್ಟಿದವರಿಗೆ ನಾನು ಸೂಚಿಸುವುದು ಇದನ್ನೇ.

ಎರಡು ಭಾಗದ ಪಾಲಿಯುರೆಥೇನ್: ಹೊಳಪಿನಲ್ಲೂ ಬಾಳಿಕೆಯಲ್ಲೂ ಇದನ್ನು ಮೀರಿಸುವುದು ಕಷ್ಟ. ಬೆರೆಸಿದ ಮೇಲೆ ಡಬ್ಬಿಯಲ್ಲೇ ಗಟ್ಟಿಯಾಗತೊಡಗುತ್ತದೆ, ಆದ್ದರಿಂದ ಗಡಿಯಾರ ನೋಡಿಕೊಂಡೇ ಕೆಲಸ ಮಾಡಬೇಕು. ಗಟ್ಟಿಕಾರಕದಲ್ಲಿ ಐಸೊಸೈನೇಟ್ ಇರುತ್ತದೆ. ಅದು ಉಸಿರಾಟದ ಅಲರ್ಜಿ ತರಬಲ್ಲದು, ಒಮ್ಮೆ ಬಂದ ಅಲರ್ಜಿ ಜೀವನಪೂರ್ತಿ ಉಳಿಯಬಹುದು. ರೋಲರ್ ಮತ್ತು ಬ್ರಷ್‌ನಲ್ಲಿ ಹಚ್ಚುವಾಗಲೂ ಆವಿ ಮುಖವಾಡ, ಕೈಗವಸು, ಗಾಳಿಯಾಡುವ ಜಾಗ ಕಡ್ಡಾಯ. ಮನೆಯಲ್ಲಿ ಇದನ್ನು ಸ್ಪ್ರೇ ಮಾಡುವ ಮಾತೇ ಬೇಡ, ಅದಕ್ಕೆ ಹೊರಗಿನಿಂದ ಶುದ್ಧ ಗಾಳಿ ಪೂರೈಸುವ ಮುಖವಾಡ ಬೇಕು.

ಮನೆಯ ಹೊರಗೋಡೆಗೆ ಹಚ್ಚುವ ಅಕ್ರಿಲಿಕ್: ಇದನ್ನು ಹಳಿಯುವವರು ಬಹಳ, ಆದರೆ ದಡದಲ್ಲೇ ಇರಿಸುವ ಸಣ್ಣ ದೋಣಿಗೆ ಇದು ಚೆನ್ನಾಗಿಯೇ ಬಾಳುತ್ತದೆ. ಬಾಗುತ್ತದೆ, ಬಿಸಿಲು ತಡೆಯುತ್ತದೆ, ವಾಸನೆ ಕಡಿಮೆ. ಸದಾ ನೀರಿನಲ್ಲಿ ಮುಳುಗಿರುವ ಭಾಗಕ್ಕೆ ಮಾತ್ರ ಆಗದು, ಮೆತ್ತಗಾಗುತ್ತದೆ. ಒತ್ತಿ ಕಟ್ಟಿದ ಹಗ್ಗ, ಟ್ರೇಲರಿನ ಆನಿಕೆಗೆ ಅಂಟಿಕೊಳ್ಳುವ ಚಾಳಿಯೂ ಇದಕ್ಕಿದೆ.

ನೀರಿನಲ್ಲೇ ನಿಲ್ಲುವ ದೋಣಿಯ ತಳಕ್ಕೆ ಬೇರೆಯೇ ವ್ಯವಸ್ಥೆ ಬೇಕು. ಮೇಲ್ಭಾಗದ ಎನಾಮಲ್ ಮತ್ತು ಒಂದು ಭಾಗದ ಪಾಲಿಯುರೆಥೇನ್‌ಗಳು ಸತತ ಮುಳುಗಡೆಗೆ ಮಾಡಿದವಲ್ಲ, ಗುಳ್ಳೆ ಏಳುತ್ತವೆ. ಎಪಾಕ್ಸಿ ದೋಣಿಯಾದರೆ ಎರಡು ಭಾಗದ ಎಪಾಕ್ಸಿ ಪ್ರೈಮರ್, ಅದರ ಮೇಲೆ ಪಾಚಿ ಮತ್ತು ಚಿಪ್ಪುಜೀವಿಗಳನ್ನು ತಡೆಯುವ ಆಂಟಿಫೌಲಿಂಗ್ ಪೇಂಟ್. ಹಲಗೆ ದೋಣಿಯಾದರೆ ಆಂಟಿಫೌಲಿಂಗ್ ಮಾಡಿದ ಕಂಪನಿಯೇ ಮರದ ತಳಕ್ಕೆಂದು ಹೇಳುವ ಒಂದು ಭಾಗದ ಪ್ರೈಮರ್, ಮೇಲೆ ಆಂಟಿಫೌಲಿಂಗ್. ಬಳಸಿದ ದಿನವೇ ದಡಕ್ಕೆ ಬರುವ ದೋಣಿಗೆ ಆಂಟಿಫೌಲಿಂಗ್ ವ್ಯರ್ಥ. ಹಳೆಯ ಆಂಟಿಫೌಲಿಂಗ್ ಪೇಂಟನ್ನು ಎಂದೂ ಒಣದಾಗಿ ಉಜ್ಜಬೇಡಿ. ಅದರ ಧೂಳು ವಿಷ, ನೀರು ಹಾಕಿಕೊಂಡೇ ಉಜ್ಜಿ, ಕೊಳೆನೀರನ್ನು ಹಿಡಿದಿಟ್ಟು ವಿಲೇವಾರಿ ಮಾಡಿ.

ಒಂದು ನಿಯಮ ಗೋಡೆಯ ಮೇಲೆ ಬರೆದು ಅಂಟಿಸಿ: ಚೆನ್ನಾಗಿ ಗಟ್ಟಿಯಾದ ಎರಡು ಭಾಗದ ಪೇಂಟಿನ ಮೇಲೆ ಒಂದು ಭಾಗದ್ದನ್ನು ಹಚ್ಚಬಹುದು, ಒಂದು ಭಾಗದ್ದರ ಮೇಲೆ ಎರಡು ಭಾಗದ್ದನ್ನು ಹಚ್ಚಬಾರದು. ಎರಡು ಭಾಗದ್ದರ ತೀಕ್ಷ್ಣ ಥಿನ್ನರ್ ಕೆಳಗಿನ ಪದರವನ್ನು ಸುಕ್ಕುಗಟ್ಟಿಸಿ ಎಬ್ಬಿಸುತ್ತದೆ.

ಹಂತ 3: ಹೊಳಪು ಎಷ್ಟಿರಬೇಕು

ಕತ್ತಲಾದ ಮೇಲೆ ದೋಣಿಯ ಬದಿಗೆ ಹೋಗಿ, ಟಾರ್ಚನ್ನು ಹೊರಮೈಗೆ ತಾಗಿಸಿದಂತೆ ಹಿಡಿದು ಬೆಳಕನ್ನು ಉದ್ದಕ್ಕೂ ಹಾಯಿಸಿ. ಹಗಲಲ್ಲಿ ಕಾಣದ ಉಬ್ಬುತಗ್ಗು, ಜೋಡಣೆಗೆ ಅಂಟಿಸಿದ ಗಾಜುನಾರಿನ ಟೇಪಿನ ಅಂಚು, ಸ್ಕ್ರೂ ತಲೆಯ ಮೇಲಿನ ಪುಟ್ಟಿ ಎಲ್ಲವೂ ನೆರಳು ಬಿಟ್ಟು ನಿಲ್ಲುತ್ತವೆ. ಹೊಳಪಿನ ಪೇಂಟ್ ಹೊಡೆದ ಮೇಲೆ ಬಿಸಿಲಿನಲ್ಲಿ ನಿಮ್ಮ ದೋಣಿ ಕಾಣುವುದು ಹೀಗೆಯೇ.

ಈ ನೋಟ ಸಮಾಧಾನ ತಂದರೆ ಪೂರ್ತಿ ಹೊಳಪಿಗೆ ಹೋಗಿ. ಕೊಳೆ ಹಿಡಿಯುವುದು ಕಡಿಮೆ, ತೊಳೆಯುವುದು ಸುಲಭ. ಮುಜುಗರವಾದರೆ ಎರಡೇ ದಾರಿ: ಇನ್ನಷ್ಟು ಉಜ್ಜುವುದು ಅಥವಾ ಅರೆಹೊಳಪು ಆರಿಸುವುದು. ಕೈಯಲ್ಲಿ ಕಟ್ಟಿದ ದೋಣಿಗೆ ಅರೆಹೊಳಪು ಶೋಭೆ ಕೊಡುತ್ತದೆ ಎಂಬುದು ನನ್ನ ಅಭಿಪ್ರಾಯ. ಅದು ಕುಂದುಗಳನ್ನು ಅಡಗಿಸುತ್ತದೆ, ಮುಂದೆ ತೇಪೆ ಹಚ್ಚಿದರೂ ಎದ್ದು ಕಾಣುವುದಿಲ್ಲ. ಮಂಕು ಪೇಂಟನ್ನು ಒಳಭಾಗಕ್ಕೆ ಮಾತ್ರ ಇಟ್ಟುಕೊಳ್ಳಿ. ಹೊರಮೈಯಲ್ಲಿ ಅದು ಕೊಳೆ ಹಿಡಿದು ಕೂರುತ್ತದೆ, ಉಜ್ಜಿ ತೊಳೆದ ಕಡೆ ತಾನಾಗಿ ಹೊಳೆದು ಕಲೆಯಂತೆ ಕಾಣುತ್ತದೆ.

ಅರೆಹೊಳಪಿನ ಡಬ್ಬಿಯಲ್ಲಿ ಹೊಳಪು ತಗ್ಗಿಸುವ ಪುಡಿ ತಳದಲ್ಲಿ ಕೂತಿರುತ್ತದೆ. ಮೊದಲಿಗೆ ಚೆನ್ನಾಗಿ ಕದಡಿ, ಕೆಲಸದ ನಡುವೆಯೂ ಆಗಾಗ ಕದಡುತ್ತಿರಿ. ಇಲ್ಲದಿದ್ದರೆ ಒಂದೇ ದೋಣಿಯ ಎಡಬದಿ ಹೊಳೆಯುತ್ತದೆ, ಬಲಬದಿ ಮಂಕಾಗಿರುತ್ತದೆ.

ಹಂತ 4: ಈಗ ಬಣ್ಣ

ಬಣ್ಣದ ಮೊದಲ ಕೆಲಸ ಶಾಖ ತಡೆಯುವುದು. ನೇರ ಬಿಸಿಲಿನಲ್ಲಿ ಕಪ್ಪು ಅಥವಾ ಕಡುನೀಲಿ ಮೈ 70 ಡಿಗ್ರಿ ಸೆಲ್ಸಿಯಸ್ ಮುಟ್ಟಬಲ್ಲದು, ಪಕ್ಕದ ಬಿಳಿ ಮೈ ಅದಕ್ಕಿಂತ ಬಹಳ ಕೆಳಗಿರುತ್ತದೆ. ಸಾಮಾನ್ಯ ತಾಪದಲ್ಲಿ ಗಟ್ಟಿಯಾಗುವ ದೋಣಿ ಎಪಾಕ್ಸಿಗಳಲ್ಲಿ ಹೆಚ್ಚಿನವು 50ರಿಂದ 60 ಡಿಗ್ರಿಯ ಆಸುಪಾಸಿನಲ್ಲಿ ಮೆತ್ತಗಾಗತೊಡಗುತ್ತವೆ. ಕಡುಬಣ್ಣದ ಎಪಾಕ್ಸಿ ದೋಣಿಯ ಮೇಲೆ ಕೆಲವು ತಿಂಗಳ ಬಳಿಕ ಗಾಜುನಾರಿನ ಬಟ್ಟೆಯ ನೇಯ್ಗೆ, ಜೋಡಣೆಯ ಟೇಪಿನ ಅಂಚು ಕಾಣಿಸಿಕೊಳ್ಳುವುದು ಇದರಿಂದಲೇ. ಹಲಗೆ ದೋಣಿಯಲ್ಲಿ ಅದೇ ಶಾಖ ಹಲಗೆಗಳನ್ನು ಒಣಗಿಸಿ ಸಂದು ತೆರೆಸುತ್ತದೆ. ಕಡುಬಣ್ಣ ಬೇಕೇಬೇಕೆಂದರೆ ಮೇಲಿನ ಒಂದು ಹಲಗೆಗೆ ಅಥವಾ ಒಂದು ಪಟ್ಟಿಗೆ ಕೊಡಿ, ಇಡೀ ಒಡಲಿಗಲ್ಲ.

ಕೆಲವು ಬಣ್ಣದ ಕಾರ್ಡ್‌ಗಳಲ್ಲಿ ಪ್ರತಿ ಬಣ್ಣದ ಕೆಳಗೆ ಬೆಳಕು ಪ್ರತಿಫಲನದ ಸಂಖ್ಯೆ ಇರುತ್ತದೆ. ಸೊನ್ನೆ ಎಂದರೆ ಅಚ್ಚಕಪ್ಪು, 100 ಎಂದರೆ ಶುದ್ಧ ಬಿಳಿ. ಬಿಸಿಲಿನಲ್ಲಿ ನಿಲ್ಲುವ ಎಪಾಕ್ಸಿ ದೋಣಿಗೆ ನಾನು 50ಕ್ಕಿಂತ ಕೆಳಗಿನದನ್ನು ಒಪ್ಪುವುದಿಲ್ಲ.

ಎರಡನೆಯದು ಕಾಣಿಸಿಕೊಳ್ಳುವುದು. ನೀಲಿ, ಬೂದು ಮತ್ತು ಹಸಿರು ದೋಣಿಗಳು ದಡದಿಂದ ಎಷ್ಟು ಚೆಂದ ಕಂಡರೂ ನೀರಿನ ಮೇಲೆ ಕರಗಿಹೋಗುತ್ತವೆ. ವೇಗದ ದೋಣಿಗಳು ಓಡಾಡುವ ಕಡೆ ಇದು ಅಪಾಯ. ನೊರೆ ಎದ್ದ ನೀರಿನಲ್ಲಿ ಬಿಳಿಯೂ ಮರೆಯಾಗುತ್ತದೆ. ಹಳದಿ ಮತ್ತು ಕಿತ್ತಳೆ ದೂರಕ್ಕೆ ಎದ್ದು ಕಾಣುತ್ತವೆ. ಇಡೀ ದೋಣಿಗೆ ಕಿತ್ತಳೆ ಬಳಿಯಲು ಮನಸ್ಸಾಗದಿದ್ದರೆ ಹುಟ್ಟಿನ ಅಲಗುಗಳಿಗೆ, ಮುಂಭಾಗದ ಅಂಚಿಗೆ ಕೊಡಿ. ದೋಣಿ ಮಗುಚಿದರೆ ಮೇಲೆ ಕಾಣುವುದು ತಳ ಎಂಬುದನ್ನೂ ನೆನಪಿಡಿ. ಗಾಢ ಬೂದು ತಳ ಆಗ ಯಾರ ಕಣ್ಣಿಗೂ ಬೀಳದು.

ಮೂರನೆಯದು ಒಳಭಾಗ. ಶುದ್ಧ ಬಿಳಿ ಡೆಕ್ ಮತ್ತು ಆಸನಗಳ ಮೇಲೆ ಮಧ್ಯಾಹ್ನದ ಬಿಸಿಲು ಬಿದ್ದರೆ ಕಣ್ಣು ಬಿಡಲಾಗುವುದಿಲ್ಲ. ಕೆನೆ, ತಿಳಿಬೂದು, ಮಣ್ಣಿನ ಛಾಯೆಯ ತಿಳಿಹಳದಿ ಒಳ್ಳೆಯವು, ಕಾಲೂ ಸುಡುವುದಿಲ್ಲ. ಕಾಲಡಿಯ ಹಲಗೆಗಳ ಕೆಳಗಿನ ಒಳತಳಕ್ಕೆ ಮಾತ್ರ ಹೊಳಪಿನ ಬಿಳಿ ಅಥವಾ ತಿಳಿಬೂದು ಇರಲಿ. ಬಿದ್ದ ಸ್ಕ್ರೂ, ಎಣ್ಣೆಯ ಜಿಡ್ಡು, ಜಿನುಗುವ ನೀರಿನ ಜಾಡು ತಕ್ಷಣ ಕಾಣುತ್ತದೆ. ಅಲ್ಲಿ ಕಪ್ಪು ಹೊಡೆದವರಿಗೆ ಸೋರಿಕೆ ಗೊತ್ತಾಗುವುದು ಕಾಲು ಒದ್ದೆಯಾದಾಗ.

ನಾಲ್ಕನೆಯದು ಆಕಾರ. ಬದಿ ತುಂಬಾ ಎತ್ತರವಾಗಿ ಕಾಣುವ ದೋಣಿಗೆ ಮೇಲಿನ ಹಲಗೆಯನ್ನು ಬೇರೆ ಬಣ್ಣ ಮಾಡಿ, ನೀರುಗೆರೆಯ, ಅಂದರೆ ತೇಲುವಾಗ ನೀರಿನ ಮಟ್ಟ ಮುಟ್ಟುವ ಗೆರೆಯ, ಮೇಲೆ ಅಗಲ ಪಟ್ಟಿ ಕೊಟ್ಟರೆ ಎತ್ತರ ಒಡೆದು ದೋಣಿ ಉದ್ದವಾಗಿ ಕಾಣುತ್ತದೆ. ಒಟ್ಟು ಮೂರು ಬಣ್ಣ ಸಾಕು, ವಾರ್ನಿಷ್ ಹಚ್ಚಿದ ಮರವೂ ಒಂದು ಬಣ್ಣವೆಂದೇ ಲೆಕ್ಕಕ್ಕೆ ತೆಗೆದುಕೊಳ್ಳಿ.

ಕೆಂಪು ಮತ್ತು ಹಳದಿ ಇಷ್ಟಪಡುವವರಿಗೆ ಎರಡು ಮಾತು. ಹಲವು ಕೆಂಪುಗಳು ಬಿಸಿಲಿಗೆ ಬೇಗ ಪೇಲವವಾಗಿ ಗುಲಾಬಿಯತ್ತ ಜಾರುತ್ತವೆ. ಹಾಗೂ ಗಾಢ ಕೆಂಪು, ಹಳದಿಗಳಿಗೆ ಕೆಳಗಿನದನ್ನು ಮುಚ್ಚುವ ಶಕ್ತಿ ಕಡಿಮೆ. ಬೂದು ಪ್ರೈಮರ್ ಮೇಲೆ ಹಳದಿ ಹೊಡೆಯುತ್ತಾ ಹೋದರೆ ಕೈಗಳು ಮುಗಿಯುವುದೇ ಇಲ್ಲ. ಬಿಳಿ ಪ್ರೈಮರ್ ಬಳಸಿ, ಇಲ್ಲವೇ ಪ್ರೈಮರಿಗೇ ಆ ಛಾಯೆ ಬೆರೆಸಿಕೊಳ್ಳಿ.

ಹಂತ 5: ಪರೀಕ್ಷಾ ಹಲಗೆ, ಆಮೇಲೆ ಲೆಕ್ಕ

ದೋಣಿ ಕಟ್ಟಿದ ಅದೇ ಪ್ಲೈವುಡ್ಡಿನ ಉಳಿಕೆ ತುಂಡಿಗೆ ಅದೇ ಎಪಾಕ್ಸಿ, ಅದೇ ಪ್ರೈಮರ್, ಅದೇ ಪೇಂಟ್ ಹಚ್ಚಿ. ಬಣ್ಣ ನೋಡುವುದಷ್ಟೇ ಇದರ ಉದ್ದೇಶವಲ್ಲ. ಕೆಲವು ಎಪಾಕ್ಸಿ ಗಟ್ಟಿಕಾರಕಗಳ ಮೇಲೆ ಆಲ್ಕಿಡ್ ಎನಾಮಲ್ ದಿನಗಟ್ಟಲೆ ಅಂಟಂಟಾಗಿಯೇ ಉಳಿಯುತ್ತದೆ. ಆ ಸಂಗತಿ ತುಂಡಿನ ಮೇಲೆ ಗೊತ್ತಾದರೆ ಒಳ್ಳೆಯದು, ಇಡೀ ದೋಣಿಯ ಮೇಲೆ ಗೊತ್ತಾದರೆ ಅಷ್ಟನ್ನೂ ಕೆರೆದು ತೆಗೆಯಬೇಕು. ಒಣಗಿದ ತುಂಡನ್ನು ಉಗುರಿನಿಂದ ಒತ್ತಿ ನೋಡಿ, ಬ್ಲೇಡಿನಿಂದ ಅಡ್ಡ ಉದ್ದ ಗೀರಿ ಟೇಪ್ ಅಂಟಿಸಿ ಕಿತ್ತು ನೋಡಿ. ಟೇಪಿನ ಜೊತೆ ಚಕ್ಕೆ ಬಂದರೆ ಜೋಡಿ ಸರಿಯಿಲ್ಲ.

ಬಣ್ಣವನ್ನು ಹೊರಗೆ, ಮಧ್ಯಾಹ್ನ ಮತ್ತು ಸಂಜೆ, ತುಂಡನ್ನು ನೆಟ್ಟಗೆ ನಿಲ್ಲಿಸಿ ನೋಡಿ. ಕಾರ್ಡಿನಲ್ಲಿ ಹಿತವಾಗಿದ್ದ ಬಣ್ಣ ನಾಲ್ಕು ಮೀಟರ್ ಉದ್ದಕ್ಕೆ ಹರಡಿದಾಗ ಹೆಚ್ಚು ಗಾಢವಾಗಿ, ಅಬ್ಬರವಾಗಿ ಕಾಣುತ್ತದೆ. ಅನುಮಾನವಿದ್ದರೆ ಒಂದು ಮೆಟ್ಟಿಲು ತಿಳಿಯಾದದ್ದನ್ನೇ ತೆಗೆದುಕೊಳ್ಳಿ.

ಪ್ರಮಾಣಕ್ಕೆ ಒರಟು ಲೆಕ್ಕ ಸಾಕು. ದೋಣಿಯ ಉದ್ದವನ್ನು ನಡುವಿನ ಹೊರ ಸುತ್ತಳತೆಯಿಂದ, ಅಂದರೆ ಒಂದು ಅಂಚಿನಿಂದ ತಳ ಬಳಸಿ ಇನ್ನೊಂದು ಅಂಚಿನವರೆಗಿನ ಅಳತೆಯಿಂದ ಗುಣಿಸಿ ಅದರ ಮುಕ್ಕಾಲು ಭಾಗ ತೆಗೆದುಕೊಳ್ಳಿ. 4 ಮೀಟರ್ ಉದ್ದ, 2 ಮೀಟರ್ ಸುತ್ತಳತೆಯಾದರೆ ಸುಮಾರು 6 ಚದರ ಮೀಟರ್. ಒಂದು ಲೀಟರ್ ಸಾಮಾನ್ಯವಾಗಿ ಹತ್ತು ಚದರ ಮೀಟರಿಗೆ ಒಂದು ಕೈ ಬರುತ್ತದೆ, ಹಾಗಾಗಿ ಮೂರು ಕೈಗೆ ಎರಡು ಲೀಟರ್ ಹಿಡಿಯಿರಿ. ಬೆರೆಸಿ ಕೊಟ್ಟ ಬಣ್ಣವಾದರೆ ಎಲ್ಲ ಡಬ್ಬಿಗಳನ್ನೂ ಒಂದು ದೊಡ್ಡ ಪಾತ್ರೆಗೆ ಸುರಿದು ಕಲಸಿಕೊಂಡೇ ಶುರು ಮಾಡಿ. ಎರಡು ಡಬ್ಬಿಗಳ ನಡುವಿನ ಸಣ್ಣ ವ್ಯತ್ಯಾಸವೂ ದೋಣಿಯ ನಡುಭಾಗದಲ್ಲಿ ಗೆರೆ ಎಳೆದಂತೆ ಕಾಣುತ್ತದೆ.

ಹಂತ 6: ಮೈ ಸಿದ್ಧಪಡಿಸುವುದು

ಇಲ್ಲಿ ಆತುರಪಟ್ಟವರೇ ಮತ್ತೆ ಮತ್ತೆ ಸೋಲುವವರು. ಪೇಂಟ್ ಹೊಡೆಯಲು ಕೆಲವೇ ದಿನ ಸಾಕು, ಅದಕ್ಕೆ ಮುಂಚಿನ ಈ ಕೆಲಸ ವಾರ ತೆಗೆದುಕೊಂಡರೂ ಬೇಸರ ಬೇಡ.

ಮೊದಲು ತೇವ. ಮರದ ತೇವಾಂಶ 15 ಶೇಕಡಕ್ಕಿಂತ ಕೆಳಗಿರಬೇಕು. ಮರದ ತೇವ ಅಳೆಯುವ ಮಾಪಕವಿಲ್ಲದಿದ್ದರೆ ಒಂದು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿ ಟೇಪ್ ಹಾಕಿ ಮರಕ್ಕೆ ಅಂಟಿಸಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಒಳಮೈಯಲ್ಲಿ ಬೆವರು ಕಂಡರೆ ಮರ ಇನ್ನೂ ಹಸಿ.

ಎಪಾಕ್ಸಿ ಹಚ್ಚಿದ್ದರೆ ಉಜ್ಜುವ ಮೊದಲು ತೊಳೆಯಬೇಕು. ಇದನ್ನು ತಿರುಗುಮುರುಗು ಮಾಡಬೇಡಿ. ಗಟ್ಟಿಯಾಗುವಾಗ ಹಲವು ಎಪಾಕ್ಸಿಗಳ ಮೇಲೆ ಮೇಣದಂಥ ಅಮೈನ್ ಪೊರೆ ಮೂಡುತ್ತದೆ. ಬೆರಳಾಡಿಸಿದರೆ ಜಿಡ್ಡು ಜಿಡ್ಡು. ಅದು ನೀರಿನಲ್ಲಿ ಕರಗುತ್ತದೆ, ಥಿನ್ನರ್‌ನಲ್ಲಿ ಅಲ್ಲ. ಶುದ್ಧ ನೀರು, ನೈಲಾನ್ ಉಜ್ಜುಗದಿಂದ ತಿಕ್ಕಿ, ಕೊಳೆನೀರು ಆರುವ ಮೊದಲೇ ಬಟ್ಟೆಯಿಂದ ಒರೆಸಿಬಿಡಿ. ತೊಳೆಯದೆ ಉಜ್ಜಿದರೆ ಆ ಮೇಣವನ್ನು ನೀವೇ ಗೀರುಗಳೊಳಗೆ ತುರುಕಿದಂತೆ. ಉಪ್ಪುಕಾಗದ ಬೇಗ ಅಂಟು ಕಟ್ಟಿಕೊಳ್ಳುತ್ತಿದ್ದರೆ ಪೊರೆ ಇನ್ನೂ ಇದೆ ಎಂದೋ, ಎಪಾಕ್ಸಿ ಪೂರ್ತಿ ಗಟ್ಟಿಯಾಗಿಲ್ಲ ಎಂದೋ ತಿಳಿಯಿರಿ. ಸರಿಯಾದ ಎಪಾಕ್ಸಿ ಬಿಳಿ ಪುಡಿಯಾಗಿ ಉದುರುತ್ತದೆ.

ಆಮೇಲೆ ತಗ್ಗುಗಳನ್ನು ತುಂಬುವುದು. ಎಪಾಕ್ಸಿಗೆ ಹಗುರ ಪುಡಿ ಬೆರೆಸಿದ ಪುಟ್ಟಿ ಬಳಸಿ. ಕಾರಿನ ಮೈಗೆ ಹಚ್ಚುವ ಪಾಲಿಯೆಸ್ಟರ್ ಪುಟ್ಟಿ ನೀರು ಹೀರುತ್ತದೆ, ನೀರುಗೆರೆಯ ಕೆಳಗೆ ಅದಕ್ಕೆ ಜಾಗವಿಲ್ಲ. 80ರಿಂದ ಶುರು ಮಾಡಿ ಉದ್ದ ಹಲಗೆಯಲ್ಲಿ ಓರೆಯಾಗಿ ಒಮ್ಮೆ ಈ ದಿಕ್ಕು, ಒಮ್ಮೆ ಆ ದಿಕ್ಕು ಉಜ್ಜಿ, 120ಕ್ಕೆ ಬನ್ನಿ. ಬರೀ ಬೆರಳಿನಿಂದ ಒತ್ತಿ ಉಜ್ಜಿದ ಕಡೆ ಹೊಂಡ ಬೀಳುತ್ತದೆ.

ಪ್ಲೈವುಡ್ಡಿನ ಅಂಚು ಮತ್ತು ಹಲಗೆಯ ಕಡಿದ ತುದಿಗಳಿಗೆ ವಿಶೇಷ ಗಮನ ಬೇಕು, ನೀರು ಹೊಕ್ಕುವ ಬಾಗಿಲು ಅವೇ. ಅವು ಹೀರುವುದು ನಿಲ್ಲುವವರೆಗೆ ಎರಡು ಮೂರು ಸಲ ಎಪಾಕ್ಸಿ ಕುಡಿಸಿ. ಚೂಪು ಮೂಲೆಗಳನ್ನು ಸುಮಾರು 3 ಮಿಲಿಮೀಟರ್ ದುಂಡಗೆ ಮಾಡಿ. ಚೂಪಂಚಿನಿಂದ ಪೇಂಟ್ ಹಿಂದೆ ಸರಿದು ತೆಳುವಾಗುತ್ತದೆ, ಪೊರೆ ಏಳುವುದು ಅಲ್ಲಿಂದಲೇ. ಎಣ್ಣೆಯಂಶವಿರುವ ತೇಗದಂಥ ಮರವನ್ನು ಹಚ್ಚುವುದಕ್ಕೆ ಸ್ವಲ್ಪ ಮುಂಚೆ ಅಸಿಟೋನ್ ಬಟ್ಟೆಯಿಂದ ಒರೆಸಿ.

ಹಂತ 7: ಪ್ರೈಮರ್

ಪೇಂಟ್ ಮಾಡಿದ ಕಂಪನಿಯೇ ಅದಕ್ಕೆ ಹೇಳಿದ ಪ್ರೈಮರ್ ತೆಗೆದುಕೊಳ್ಳಿ, ಇಲ್ಲಿ ಉಳಿತಾಯ ಬೇಡ. ಎರಡು ಕೈ ಕೊಡಿ. ಮೊದಲ ಕೈ ಬಿದ್ದ ಕೂಡಲೇ ಇಡೀ ಮೈ ಒಂದೇ ಬಣ್ಣಕ್ಕೆ ಬಂದು, ಅಲ್ಲಿಯವರೆಗೆ ಮರದ ಗೆರೆಗಳಲ್ಲಿ ಅಡಗಿದ್ದ ಕುಂದುಗಳು ಎದ್ದು ಬರುತ್ತವೆ. ಗಾಬರಿಯಾಗಬೇಡಿ, ಪ್ರೈಮರ್ ಇರುವುದೇ ಅದಕ್ಕೆ. ತುಂಬಿ, ಉಜ್ಜಿ, ಎರಡನೆಯ ಕೈ ಕೊಡಿ.

ಒಣಗಿದ ಪ್ರೈಮರ್ ಮೇಲೆ ಬೇರೆ ಬಣ್ಣದ ಪೇಂಟನ್ನು ಬಹಳ ತೆಳುವಾಗಿ ಚಿಮುಕಿಸಿ 180ರಲ್ಲಿ ಉಜ್ಜಿ. ಬಣ್ಣ ಉಳಿದ ಕಡೆ ತಗ್ಗು, ಬೇಗ ಹೋದ ಕಡೆ ಉಬ್ಬು. ಆ ಚಿಮುಕಿಸಿದ ಬಣ್ಣವೆಲ್ಲ ಒಂದೇ ಸಮ ಮಾಯವಾದಾಗ ಮೈ ಸಿದ್ಧ.

ಹಂತ 8: ಹವೆ ನೋಡಿ ಹಚ್ಚುವುದು

ತಾಪ 10ರಿಂದ 30 ಡಿಗ್ರಿ, ತೇವಾಂಶ 85 ಶೇಕಡಕ್ಕಿಂತ ಕೆಳಗೆ, ಮೈಯ ತಾಪ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ಹನಿಗಟ್ಟತೊಡಗುವ ತಾಪ) ಕನಿಷ್ಠ 3 ಡಿಗ್ರಿ ಮೇಲೆ ಇರಬೇಕು. ಬೆಳಗಿನ ಇಬ್ಬನಿ ಪೂರ್ತಿ ಆರಿದ ಮೇಲೆ, ನೆರಳಿನಲ್ಲಿ ಶುರು ಮಾಡಿ, ಸಂಜೆಯ ತಂಪು ಇಳಿಯುವುದಕ್ಕೆ ಮೂರು ಗಂಟೆ ಮುಂಚೆ ನಿಲ್ಲಿಸಿ. ಎಳೆ ಪೇಂಟಿನ ಮೇಲೆ ಇಬ್ಬನಿ ಕೂತರೆ ಹೊಳಪು ಸತ್ತು ಮಂಜು ಕವಿದಂತಾಗುತ್ತದೆ. ಬರಿಯ ಮರಕ್ಕೆ ಮೊದಲ ಎಪಾಕ್ಸಿ ಕೈಯನ್ನು ಮಾತ್ರ ತಾಪ ಇಳಿಯುತ್ತಿರುವ ಹೊತ್ತಿನಲ್ಲಿ ಹಚ್ಚಿ. ಬೆಳಿಗ್ಗೆ ಹಚ್ಚಿದರೆ ಮರದೊಳಗಿನ ಗಾಳಿ ಬಿಸಿಯಾಗಿ ಹಿಗ್ಗಿ ಗುಳ್ಳೆಗಳಾಗಿ ಹೊರಬರುತ್ತದೆ.

ಹಿಂದಿನ ದಿನವೇ ಧೂಳು ತೆಗೆದು, ಹಚ್ಚುವ ಮೊದಲು ನೆಲಕ್ಕೆ ನೀರು ಚಿಮುಕಿಸಿ. ಪೇಂಟನ್ನು ಜಾಲರಿಯಲ್ಲಿ ಸೋಸಿ ಸಣ್ಣ ಪಾತ್ರೆಗೆ ತೆಗೆದುಕೊಳ್ಳಿ. ಬ್ರಷ್ಷನ್ನು ಮೂಲ ಡಬ್ಬಿಗೆ ಅದ್ದಬೇಡಿ.

ಇಬ್ಬರಿದ್ದರೆ ಕೆಲಸ ಸೊಗಸು. ಒಬ್ಬರು ರೋಲರ್‌ನಲ್ಲಿ ಅರ್ಧ ಮೀಟರಿನಷ್ಟು ಅಗಲಕ್ಕೆ, ಅಂಚಿನಿಂದ ತಳದವರೆಗೆ ತೆಳುವಾಗಿ ಹಚ್ಚಲಿ. ಇನ್ನೊಬ್ಬರು ಹಿಂದೆಯೇ ಬಂದು ತುದಿ ಮಾತ್ರ ಒದ್ದೆಯಾದ ಬ್ರಷ್ಷನ್ನು ಓರೆಯಾಗಿ ಹಿಡಿದು, ಅದರ ಭಾರವೂ ಬೀಳದಷ್ಟು ಹಗುರಾಗಿ, ಒಣ ಕಡೆಯಿಂದ ಹಸಿ ಕಡೆಗೆ ಒಂದೇ ಎಳೆತದಲ್ಲಿ ಎಳೆಯಲಿ. ರೋಲರ್ ಬಿಟ್ಟ ಸಣ್ಣ ಗುಳ್ಳೆಗಳು ಒಡೆದು ಮೈ ಕನ್ನಡಿಯಾಗುತ್ತದೆ. ಒಮ್ಮೆ ಎಳೆದ ಕಡೆ ಮತ್ತೆ ಕೈ ಹಾಕಬೇಡಿ, ಸೊಳ್ಳೆ ಕೂತರೂ ಬಿಡಿ, ಒಣಗಿದ ಮೇಲೆ ಉಜ್ಜಿದರಾಯಿತು. ಬ್ರಷ್ ಎಳೆದಂತೆ ಜಗ್ಗುತ್ತಿದ್ದರೆ ಕಂಪನಿ ಹೇಳಿದ ಥಿನ್ನರನ್ನು 5ರಿಂದ 10 ಶೇಕಡದಷ್ಟು ಬೆರೆಸಿ. ದಪ್ಪ ಒಂದು ಕೈಗಿಂತ ತೆಳು ಮೂರು ಕೈ ಬೇಗ ಗಟ್ಟಿಯಾಗುತ್ತದೆ, ಇಳಿಯುವುದೂ ಇಲ್ಲ.

ಪ್ರತಿ ಎರಡು ಕೈ ನಡುವೆ 220ರಲ್ಲಿ, ಕೊನೆಯ ಕೈಗೆ ಮುಂಚೆ 320ರಲ್ಲಿ ಹಗುರಾಗಿ ಉಜ್ಜಿ. ಡಬ್ಬಿಯ ಮೇಲೆ ಮುಂದಿನ ಕೈಗೆ ಕನಿಷ್ಠ, ಗರಿಷ್ಠ ಎರಡೂ ಅವಧಿ ಬರೆದಿರುತ್ತದೆ. ಕನಿಷ್ಠವನ್ನು ಎಲ್ಲರೂ ಓದುತ್ತಾರೆ. ಗರಿಷ್ಠ ಮೀರಿದ ಮೇಲೆ ಉಜ್ಜದೆ ಹಚ್ಚಿದರೆ ಹಿಡಿತ ಸಿಗದೆ ಮೇಲಿನ ಪದರ ಹಾಳೆಯಂತೆ ಸುಲಿಯುತ್ತದೆ.

ಹಂತ 9: ನೀರುಗೆರೆ

ಸಾಧ್ಯವಿದ್ದರೆ ಪ್ರೈಮರ್ ಹಂತದಲ್ಲಿ ದೋಣಿಯನ್ನು ನೀರಿಗಿಳಿಸಿ, ಎಂದಿನ ಭಾರ ಹಾಕಿ, ನಾಲ್ಕು ಕಡೆ ಪೆನ್ಸಿಲ್ ಗುರುತು ಮಾಡಿಕೊಳ್ಳಿ. ಹಾಗೆ ಮಾಡಿದರೆ ಚೆನ್ನಾಗಿ ತೊಳೆದು ಒಣಗಿಸಿಯೇ ಮುಂದುವರಿಯಿರಿ. ನಕ್ಷೆಯ ಗೆರೆಯನ್ನೇ ನಂಬಿದರೆ ದೋಣಿ ಹೆಚ್ಚಿನ ಸಲ ಅದಕ್ಕಿಂತ ಆಳಕ್ಕೆ ಕೂರುತ್ತದೆ. ದೋಣಿಯನ್ನು ಉದ್ದಕ್ಕೂ ಅಡ್ಡಕ್ಕೂ ಸಮಮಟ್ಟಕ್ಕೆ ಕೂರಿಸಿ, ಲೇಸರ್ ಅಥವಾ ನೀರು ತುಂಬಿದ ಪಾರದರ್ಶಕ ಕೊಳವೆಯಿಂದ ಗುರುತುಗಳನ್ನು ಸೇರಿಸಿ. ತಳದ ಪೇಂಟನ್ನು ನಿಜವಾದ ಗೆರೆಗಿಂತ 3ರಿಂದ 5 ಸೆಂಟಿಮೀಟರ್ ಮೇಲಕ್ಕೆ ಒಯ್ಯಿರಿ, ಕೊಳೆಯ ಪಟ್ಟಿ ಹಿಡಿಯುವುದು ಅಲ್ಲೇ.

ಗೆರೆಗೆ ತೆಳು ಪ್ಲಾಸ್ಟಿಕ್ ಟೇಪ್ ಬಳಸಿ, ಅಂಚನ್ನು ಉಗುರಿನಿಂದ ಒತ್ತಿ. ಪೇಂಟ್ ಇನ್ನೂ ಅಂಟಾಗಿರುವಾಗಲೇ ಟೇಪನ್ನು ತನ್ನ ಮೇಲೆಯೇ ಹಿಂದಕ್ಕೆ ಮಡಚಿ ನಿಧಾನವಾಗಿ ಎಳೆಯಿರಿ. ಮರುದಿನಕ್ಕೆ ಬಿಟ್ಟರೆ ಅಂಚು ಹರಿದು ಹಲ್ಲುಹಲ್ಲಾಗುತ್ತದೆ.

ಹಂತ 10: ವಾರ್ನಿಷ್ ಎಷ್ಟು ಬೇಕು

ನೀವು ಪ್ರತಿ ವರ್ಷ ಉಜ್ಜಲು ಸಿದ್ಧರಿರುವಷ್ಟು ಮಾತ್ರ. ಚುಕ್ಕಾಣಿಯ ಹಿಡಿ, ಅಂಚುಪಟ್ಟಿ, ಒಂದು ಆಸನ ಸಾಕು. ಮನೆಯೊಳಗಿನ ಪೀಠೋಪಕರಣದ ವಾರ್ನಿಷ್ ಗಡುಸು, ಹೊರಗೆ ಬಿರಿಯುತ್ತದೆ. ಅತಿನೇರಳೆ ತಡೆಯುವ, ಬಾಗುವ ಸ್ಪಾರ್ ವಾರ್ನಿಷ್ ಬೇಕು. ಬರಿಯ ಎಪಾಕ್ಸಿ ಗಾಜಿನಂತೆ ಕಂಡರೂ ಬಿಸಿಲಿಗೆ ನಿಲ್ಲುವುದಿಲ್ಲ, ಅದರ ಮೇಲೂ ವಾರ್ನಿಷ್ ಬೇಕೇಬೇಕು.

ಬರಿಯ ಮರಕ್ಕೆ ಮೊದಲ ಕೈಯಲ್ಲಿ ಅರ್ಧಕ್ಕರ್ಧ ಥಿನ್ನರ್, ಎರಡನೆಯದರಲ್ಲಿ ಕಾಲು ಭಾಗ, ಆಮೇಲೆ ಹೆಚ್ಚುಕಡಿಮೆ ಹಾಗೆಯೇ. ಒಟ್ಟು ಆರರಿಂದ ಎಂಟು ಕೈ. ಡಬ್ಬಿಯನ್ನು ಕುಲುಕಬೇಡಿ, ಗುಳ್ಳೆ ತುಂಬಿಕೊಳ್ಳುತ್ತದೆ. ಅರೆಹೊಳಪು ಬೇಕಿದ್ದವರು ಕೊನೆಯ ಕೈಗೆ ಮಾತ್ರ ಅದನ್ನು ಬಳಸಿ, ಕೆಳಗಿನವೆಲ್ಲ ಹೊಳಪಿನದೇ ಇರಲಿ.

ವಾರ್ನಿಷ್, ಅಗಸೆ ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಬಿಸಾಡಬೇಡಿ. ಒಣಗುವಾಗ ಹುಟ್ಟುವ ಶಾಖಕ್ಕೆ ಅವು ತಾವಾಗಿಯೇ ಹೊತ್ತಿಕೊಳ್ಳಬಲ್ಲವು. ಹೊರಗೆ ಬಿಡಿಸಿ ಹರಡಿ ಅಥವಾ ನೀರು ತುಂಬಿದ ಲೋಹದ ಡಬ್ಬಿಗೆ ಹಾಕಿ ಮುಚ್ಚಿ.

ಹಂತ 11: ಕಾಲಿಡುವ ಜಾಗ

ಡೆಕ್ ಮತ್ತು ತಳದ ಹಲಗೆಗೆ ಜಾರದ ಮೈ ಬೇಕು. ಹಸಿ ಪೇಂಟಿನ ಮೇಲೆ ಸೋಸಿದ ಒಣ ಮರಳನ್ನು ಒತ್ತಾಗಿ ಉದುರಿಸಿ, ಒಣಗಿದ ಮೇಲೆ ಸಡಿಲವಾದದ್ದನ್ನು ಗುಡಿಸಿ ಇನ್ನೊಂದು ಕೈ ಕೊಡಿ. ಬರಿಗಾಲಿಗೆ ಹಿತವಾಗಿರಬೇಕೆಂದರೆ ಮರಳಿನ ಬದಲು ಕಲ್ಲುಪ್ಪನ್ನು ಪುಡಿಮಾಡಿ ಉದುರಿಸಿ. ಒಣಗಿದ ಮೇಲೆ ನೀರು ಹಾಕಿದರೆ ಉಪ್ಪು ಕರಗಿ ಸಣ್ಣ ಕುಳಿಗಳಷ್ಟೇ ಉಳಿಯುತ್ತವೆ. ಇದನ್ನು ಎಣ್ಣೆ ಆಧಾರದ ಅಥವಾ ಎರಡು ಭಾಗದ ಪೇಂಟಿನಲ್ಲಿ ಮಾತ್ರ ಮಾಡಿ. ಕೊಂಡಿ, ಅಂಚುಗಳ ಸುತ್ತ ಎರಡು ಬೆರಳಗಲ ನಯವಾದ ಜಾಗ ಬಿಟ್ಟರೆ ಒರೆಸಲು ಅನುಕೂಲ.

ದೋಣಿ ಹೇಳುವ ಎಚ್ಚರಿಕೆಗಳು

ಗುಳ್ಳೆ ಎದ್ದರೆ ಒಂದನ್ನು ಒಡೆದು ನೋಡಿ. ಒಳಗೆ ಬರಿಯ ಮರ ಕಂಡರೆ ತೇವ ಮರದಲ್ಲಿತ್ತು, ಪ್ರೈಮರ್ ಕಂಡರೆ ಪದರಗಳ ನಡುವೆ ಕೊಳೆಯೋ ಥಿನ್ನರೋ ಸಿಕ್ಕಿಬಿದ್ದಿದೆ. ಉದ್ದಕ್ಕೆ ನೇರವಾದ ಕೂದಲೆಳೆ ಬಿರುಕುಗಳು ಪ್ಲೈವುಡ್ಡಿನ ಮೇಲ್ಪದರವೇ ಸೀಳುತ್ತಿರುವ ಗುರುತು. ಅದಕ್ಕೆ ಇನ್ನೊಂದು ಕೈ ಪೇಂಟ್ ಪರಿಹಾರವಲ್ಲ, ತೆಳು ಗಾಜುನಾರಿನ ಬಟ್ಟೆ ಮತ್ತು ಎಪಾಕ್ಸಿ ಬೇಕು. ವಾರ್ನಿಷ್ ಅಡಿಯಲ್ಲಿ ಬೂದು ಅಥವಾ ಕಪ್ಪು ಮಚ್ಚೆ ಕಂಡರೆ ನೀರು ಆಗಲೇ ಹೊಕ್ಕಿದೆ. ಅಷ್ಟು ಭಾಗವನ್ನು ಬರಿಯ ಮರದವರೆಗೆ ತೆಗೆದು ಒಣಗಿಸಿ ಮತ್ತೆ ಶುರು ಮಾಡಿ. ಬೆರಳಿಗೆ ಸುಣ್ಣದಂಥ ಪುಡಿ ಅಂಟಿದರೆ ಮಾತ್ರ ಚಿಂತೆಯಿಲ್ಲ, ಬಿಸಿಲಿಗೆ ಮೇಲ್ಪದರ ಸವೆದಿದೆ ಅಷ್ಟೇ, ಉಜ್ಜಿ ಒಂದು ಕೈ ಕೊಡಿ.

ನೀರಿಗಿಳಿಸುವ ಮೊದಲು

ಮುಟ್ಟಿದರೆ ಒಣಗಿದೆ ಎನಿಸುವುದಕ್ಕೂ ಪೂರ್ತಿ ಗಟ್ಟಿಯಾಗುವುದಕ್ಕೂ ಬಹಳ ಅಂತರವಿದೆ. ಒಂದು ಭಾಗದ ಪೇಂಟಿಗೆ ಕನಿಷ್ಠ ಒಂದು ವಾರ, ತಂಪು ಹವೆಯಲ್ಲಿ ಎರಡು ವಾರ ಕೊಡಿ. ಕಾಣದ ಮೂಲೆಯೊಂದರಲ್ಲಿ ಉಗುರು ಒತ್ತಿದರೆ ಗುರುತು ಉಳಿಯಬಾರದು. ಆಂಟಿಫೌಲಿಂಗ್ ಪೇಂಟಿನ ಲೆಕ್ಕ ಬೇರೆ, ಕೆಲವನ್ನು ಇಂತಿಷ್ಟು ದಿನಗಳೊಳಗೆ ನೀರಿಗಿಳಿಸಲೇಬೇಕು, ಡಬ್ಬಿ ಓದಿ. ಕೊಂಡಿ, ಉಂಗುರಗಳನ್ನು ಕೂರಿಸುವಾಗ ಕೊರೆದ ಪ್ರತಿ ತೂತಿನ ಒಳಮೈಗೂ ಎಪಾಕ್ಸಿ ಸವರಿ, ಸೀಲಂಟ್ ಹಾಕಿ ಬಿಗಿಯಿರಿ. ಅಷ್ಟು ಮಾಡಿದ ಪೇಂಟ್ ಕೆಲಸ ಹಾಳಾಗುವುದು ಹೆಚ್ಚಾಗಿ ಇಂಥ ಒಂದು ಸ್ಕ್ರೂ ತೂತಿನಿಂದ.

ಉಳಿದ ಪೇಂಟನ್ನು ಗಾಳಿಗೆ ಜಾಗ ಉಳಿಯದಂತೆ ಸಣ್ಣ ಗಾಜಿನ ಸೀಸೆಗೆ ತುಂಬಿ. ಬಣ್ಣದ ಸಂಖ್ಯೆ, ಬೆರಕೆಯ ಪ್ರಮಾಣ, ಪ್ರೈಮರಿನ ಹೆಸರು, ಹಚ್ಚಿದ ತಿಂಗಳನ್ನು ಸೀಸೆಯ ಮೇಲೂ, ದೋಣಿಯ ಆಸನದ ಅಡಿಭಾಗದಲ್ಲೂ ಪೆನ್ಸಿಲ್‌ನಲ್ಲಿ ಬರೆದಿಡಿ. ಸೀಸೆ ಕಳೆದುಹೋಗುತ್ತದೆ, ಆಸನ ಕಳೆಯುವುದಿಲ್ಲ.